ಅಖಾಡವನ್ನೂ ಶಾಲೆಯನ್ನೂ ಕೊಟ್ಟ ಶಾಹೂ ಮಹಾರಾಜರು

ನಮ್ಮ ಖಾನಾಪುರ ತಾಲ್ಲೂಕಿನ ಯಾವ ಜಾತ್ರೆಯಲ್ಲಿ ಕುಸ್ತಿ ಇದ್ದರೂ ನಾನು ಅಜ್ಜನ ಜೊತೆ ಹೋಗೇ ಹೋಗುತ್ತೇನೆ. ಬೆಳಗಾವಿಯ ಆನಂದವಾಡಿ ಅಖಾಡವನ್ನೂ ನೋಡಿದ್ದೇನೆ. ಕುಸ್ತಿ ಮಾತು ಬಂದರೆ ಸಾಕು, ಅಜ್ಜ ಮೊದಲು ನೆನೆಯೋದು ಕೊಲ್ಲಾಪುರದ ಶಾಹೂ ಮಹಾರಾಜರನ್ನು. ಅವರ ಕಥೆಯನ್ನು ನಿಮಗೆ ಹೇಳುತ್ತೇನೆ.

ಅವರು 1874ರಲ್ಲಿ ಕಾಗಲ್‌ನ ಘಾಟಗೆ ಮನೆತನದಲ್ಲಿ ಹುಟ್ಟಿದರು. ಕಾಗಲ್ ನಮ್ಮ ನಿಪ್ಪಾಣಿಗೆ ಹತ್ತಿರದ ಊರು. ಮೊದಲ ಹೆಸರು ಯಶವಂತರಾವ್. 1884ರಲ್ಲಿ ಕೊಲ್ಲಾಪುರದ ಅರಮನೆಗೆ ದತ್ತು ಹೋದರು. ರಾಜಕೋಟದಲ್ಲಿ, ಆಮೇಲೆ ನಮ್ಮ ಧಾರವಾಡದಲ್ಲಿ ಓದಿದರು. 1894ರಲ್ಲಿ ಪಟ್ಟವೇರಿದರು. ಈಗ ನಮ್ಮ ಜಿಲ್ಲೆಯಲ್ಲಿರುವ ರಾಯಬಾಗ ಆಗ ಅವರ ಸಂಸ್ಥಾನಕ್ಕೆ ಸೇರಿತ್ತು.

ಮಹಾರಾಜರು ತಾವೇ ಸಾಮು ಮಾಡಿದ ಗಟ್ಟಿ ಆಳು. 1902ರಲ್ಲಿ ವಿಲಾಯತಿಗೆ ಹೋದಾಗ ರೋಮಿನ ಹಳೆಯ ದುಂಡನೆಯ ಬಯಲು ರಂಗಮಂದಿರವನ್ನು ನೋಡಿದರು. ಅಂಥದ್ದು ನಮ್ಮಲ್ಲೂ ಬೇಕು ಅನ್ನಿಸಿತು. ಹೀಗೆ ಖಾಸಬಾಗ ಮೈದಾನ ಎದ್ದಿತು. 1912ರಲ್ಲಿ ಅಲ್ಲಿ ಮೊದಲ ಕುಸ್ತಿಗಳು ನಡೆದವು. ನಡುವೆ ಕೆಂಪು ಮಣ್ಣಿನ ಅಖಾಡ, ಸುತ್ತಲೂ ಮೇಲೆ ಮೇಲೆ ಏರುವ ಕೂಡುವ ಜಾಗ. ಮುಂದಿನವನ ತಲೆ ಅಡ್ಡ ಬರೋದಿಲ್ಲ. ಕೊನೆಯ ಸಾಲಿನ ಬಡವನಿಗೂ ಪಟ್ಟು ಕಾಣುತ್ತದೆ. ಇದೇ ನನಗೆ ಬಹಳ ಹಿಡಿಸಿದ ಸಂಗತಿ.

ಹಿಂದಿನ ಸಾಲಿನವರನ್ನು ಅವರು ಆಡಳಿತದಲ್ಲೂ ಮರೆಯಲಿಲ್ಲ. 1902ರಲ್ಲೇ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಮೀಸಲಿಟ್ಟರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಪುಕ್ಕಟೆ ಮಾಡಿ ಕಡ್ಡಾಯವನ್ನೂ ಮಾಡಿದರು. ಮಕ್ಕಳನ್ನು ಶಾಲೆಗೆ ಕಳಿಸದ ತಂದೆತಾಯಿಗೆ ದಂಡ ಬೀಳುತ್ತಿತ್ತು. 1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡರು. ವಯಸ್ಸು ಇನ್ನೂ 47.

ಇದನ್ನು ಬರೆಯಲು ಒಂದು ಕಾರಣವಿದೆ. ಗರಡಿಮನೆಯಲ್ಲಿ ನನ್ನ ಜೋಡಿ ಆಡುವ ಗೆಳೆಯ ದೀಪಾವಳಿ ಸೂಟಿ ಮುಗಿದ ಮೇಲೆ ಶಾಲೆಗೆ ಬಂದೇ ಇಲ್ಲ. ಪೈಲ್ವಾನ ಆಗೋನಿಗೆ ಅಕ್ಷರ ಯಾಕೆ ಬೇಕು ಅಂತ ಅವರ ಮನೆಯಲ್ಲಿ ತಿಳಿದಿದ್ದಾರೆ. ಅಖಾಡ ಕಟ್ಟಿಸಿದ ಮಹಾರಾಜರೇ ಶಾಲೆಗೂ ಹೋಗಿರಿ ಎಂದು ಕಾಯ್ದೆ ಮಾಡಿದ್ದರಲ್ಲ! ನಾನು ಹೇಳಿದರೆ ಅವರು ಸಣ್ಣ ಹುಡುಗನ ಮಾತು ಅಂತಾರೆ. ಗುರುಗಳು ಒಮ್ಮೆ ಅವರ ಮನೆಗೆ ಹೋಗಿ ಈ ಕಥೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಬೆಂಚಿನಲ್ಲಿ ಅವನ ಜಾಗ ಹಾಗೇ ಇದೆ.