ನ್ಯಾಯಮೂರ್ತಿ ರಾನಡೆ: ಮನೆಯೊಳಗಿನ ಪಾಠಶಾಲೆ

ಸಾಮಾಜಿಕ ಸುಧಾರಣೆಯ ಘಟಕ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಮಹಾದೇವ ಗೋವಿಂದ ರಾನಡೆಯವರ ಹೆಸರಿನ ಮುಂದೆ ಪ್ರಾರ್ಥನಾ ಸಮಾಜ ಎಂದು ಕಪ್ಪುಹಲಗೆಯ ಮೇಲೆ ಬರೆದು ಮುಂದಿನ ಅಂಶಕ್ಕೆ ಹೋಗುತ್ತಾರೆ. ಪಾಠವೀಕ್ಷಣೆಗೆ ಕುಳಿತಾಗಲೆಲ್ಲ ಆ ಒಂದು ಸಾಲಿನ ಹಿಂದಿರುವ ಬದುಕನ್ನು ಮಕ್ಕಳಿಗೆ ಹೇಳಬೇಕೆಂದು ನನಗೆ ಅನಿಸುತ್ತದೆ. ಅದಕ್ಕಾಗಿ ಈ ಪರಿಚಯ.

ರಾನಡೆಯವರು 1842ರ ಜನವರಿ 18ರಂದು ನಾಸಿಕ್ ಜಿಲ್ಲೆಯ ನಿಫಾಡದಲ್ಲಿ ಹುಟ್ಟಿದರು. ಬಾಲ್ಯದ ಓದು ಕೊಲ್ಲಾಪುರದಲ್ಲಿ, ಮುಂದಿನದು ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ನಡೆಯಿತು. 1862ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಬಿ.ಎ. ತಂಡದಲ್ಲಿ ತೇರ್ಗಡೆಯಾದರು, 1866ರಲ್ಲಿ ಕಾನೂನು ಪದವಿ ಪಡೆದರು. ಕೆಲವು ವರ್ಷ ತಾವು ಕಲಿತ ಕಾಲೇಜಿನಲ್ಲಿಯೇ ಅಧ್ಯಾಪಕರಾಗಿದ್ದು, 1871ರಲ್ಲಿ ಪುಣೆಗೆ ನ್ಯಾಯಾಧೀಶರಾಗಿ ಬಂದರು. ಅಲ್ಲಿಯ ಸಾರ್ವಜನಿಕ ಸಭೆಗೆ ಅವರೇ ಮುಖ್ಯ ಮಾರ್ಗದರ್ಶಕರಾದರು. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ವಾಸುದೇವ ಬಲವಂತ ಫಡಕೆಯವರ ಬಂಡಾಯದ ಕಾಲದಲ್ಲಿ, 1879ರಲ್ಲಿ, ಅವರನ್ನು ಧುಳೆಗೆ ವರ್ಗ ಮಾಡಿ, ಅವರ ಪತ್ರಗಳ ಮೇಲೂ ಕಣ್ಣಿಟ್ಟಿತು.

ಅವರ ಬದುಕಿನ ಕಠಿಣ ಪ್ರಸಂಗ ಇದಕ್ಕೂ ಹಿಂದಿನದು. ವಿಧವಾ ವಿವಾಹವನ್ನು ಬೆಂಬಲಿಸಿ ಬಹಿರಂಗವಾಗಿ ದುಡಿಯುತ್ತಿದ್ದ ರಾನಡೆಯವರ ಪತ್ನಿ 1873ರಲ್ಲಿ ತೀರಿಕೊಂಡರು. ಮಗ ವಿಧವೆಯನ್ನೇ ಮದುವೆಯಾದಾನೆಂದು ಹೆದರಿದ ತಂದೆ ಅವಸರದಿಂದ ಹನ್ನೊಂದು ವರ್ಷದ ಹುಡುಗಿಯೊಂದಿಗೆ ಸಂಬಂಧ ಗೊತ್ತುಮಾಡಿದರು. ಮೂವತ್ತೊಂದು ವರ್ಷದ ರಾನಡೆ ವಿರೋಧಿಸಿದರು. ಕೊನೆಗೆ ತಂದೆಯ ಹಠಕ್ಕೆ ಮಣಿದರು. ಆಡುವುದೊಂದು ಮಾಡುವುದೊಂದು ಎಂಬ ನಿಂದೆ ಅವರನ್ನು ಬಹುಕಾಲ ಬಿಡಲಿಲ್ಲ. ಆ ನಿಂದೆ ಅನ್ಯಾಯದ್ದೆಂದು ನಾನು ಹೇಳಲಾರೆ.

ಆ ಹುಡುಗಿಯೇ ರಮಾಬಾಯಿ ರಾನಡೆ. ಮದುವೆಯಾದಾಗ ಆಕೆಗೆ ಅಕ್ಷರ ಬರುತ್ತಿರಲಿಲ್ಲ. ನ್ಯಾಯಾಲಯದ ಕೆಲಸ ಮುಗಿಸಿ ಬಂದ ಗಂಡ ರಾತ್ರಿ ಹೊತ್ತು ಅಕ್ಷರದಿಂದಲೇ ಪಾಠ ಆರಂಭಿಸಿದರು. ಮರಾಠಿ ಕೈಗೆ ಬಂದ ಮೇಲೆ ಇಂಗ್ಲಿಷ್ ಕಲಿಸಿದರು. ಮನೆಯ ಹೆಂಗಸರು ಆಕೆಯನ್ನು ಗೇಲಿ ಮಾಡಿದರು, ಓದು ಬಿಡಿಸಲು ನೋಡಿದರು. ಪಾಠ ನಿಲ್ಲಲಿಲ್ಲ. ಮುಂದೆ ಗಂಡನ ಕಣ್ಣು ಮಂದವಾದಾಗ ಪತ್ರ, ಪತ್ರಿಕೆಗಳನ್ನು ಓದಿ ಹೇಳುವವರು ರಮಾಬಾಯಿಯವರೇ ಆದರು. ಪುಣೆಯ ಹುಜೂರ್‌ಪಾಗಾ ಬಾಲಕಿಯರ ಪ್ರೌಢಶಾಲೆಯ ಸ್ಥಾಪನೆಯಲ್ಲೂ ರಾನಡೆಯವರ ಪಾಲು ದೊಡ್ಡದು.

ಕಾಶೀನಾಥ ತ್ರಿಂಬಕ ತೆಲಂಗರ ನಿಧನದಿಂದ ತೆರವಾದ ಸ್ಥಾನಕ್ಕೆ 1893ರಲ್ಲಿ ರಾನಡೆ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ನಮ್ಮ ಧಾರವಾಡ, ಬೆಳಗಾವಿ ಜಿಲ್ಲೆಗಳೂ ಆಗ ಅದೇ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದವು. ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ದೇಶಭಾಷೆಗಳಿಗೆ ಸ್ಥಾನ ದೊರಕಿಸಲು ಅವರು ಕೊನೆಯವರೆಗೂ ಶ್ರಮಿಸಿದರು. ಗೋಪಾಲಕೃಷ್ಣ ಗೋಖಲೆಯವರನ್ನು ತಿದ್ದಿ ಬೆಳೆಸಿದವರೂ ಅವರೇ. 1901ರ ಜನವರಿ 16ರಂದು, ಐವತ್ತೊಂಬತ್ತು ತುಂಬಲು ಎರಡು ದಿನವಿರುವಾಗ, ತೀರಿಕೊಂಡರು.

ಆ ಬಳಿಕ ರಮಾಬಾಯಿಯವರು ಪುಣೆಯ ಸೇವಾಸದನವನ್ನು ಕಟ್ಟಿ ಬೆಳೆಸಿದರು. ವಿಧವೆಯರೂ ಸೇರಿದಂತೆ ಅನೇಕ ಹೆಂಗಸರು ಅಲ್ಲಿ ಓದಿ ದಾದಿಯರಾದರು, ಶಿಕ್ಷಕಿಯರಾದರು. ಮರಾಠಿಯಲ್ಲಿ ಅವರು ಬರೆದ ನೆನಪುಗಳಿಂದಲೇ ಈ ಮನೆಪಾಠದ ಕಥೆ ನಮಗೆ ತಿಳಿದಿರುವುದು.

ಪಾಠಯೋಜನೆ ಬರೆಯುವಾಗ 1873ರ ಪ್ರಸಂಗವನ್ನು ಬಿಟ್ಟುಬಿಡಬೇಡಿ ಎಂದು ನನ್ನ ಸಲಹೆ. ಮಹಾಪುರುಷರ ಕುಂದನ್ನು ಮುಚ್ಚಿದರೆ ಮಕ್ಕಳಿಗೆ ಉಳಿಯುವುದು ಇಸವಿಗಳಷ್ಟೇ. ರಾನಡೆ ಆಗ ಏನು ಮಾಡಬಹುದಿತ್ತು, ಆಮೇಲೆ ಏನು ಮಾಡಿದರು, ರಮಾಬಾಯಿ ಸ್ವತಃ ಏನನ್ನು ಸಾಧಿಸಿದರು ಎಂಬ ಮೂರು ಪ್ರಶ್ನೆಗಳನ್ನು ತರಗತಿಯ ಮುಂದಿಟ್ಟು ಗುಂಪು ಚರ್ಚೆ ಮಾಡಿಸಿ. ಉತ್ತರವನ್ನು ಶಿಕ್ಷಕರು ಮೊದಲೇ ಹೇಳಬಾರದು.