ಗ್ರೇಸ್ ಹಾಪರ್

ಯಂತ್ರವನ್ನು ನಿರ್ಮಿಸಿದವರಿಗೆ ಕೀರ್ತಿ ಸಲ್ಲುವುದು ಸಹಜ. ಆದರೆ ಅದನ್ನು ನಡೆಸುವ ಬಗೆಯನ್ನು ಬರೆದಿಟ್ಟು, ಅದರ ಬಳಕೆಯನ್ನು ಇತರರಿಗೆ ಸುಲಭಗೊಳಿಸಿದವರ ಶ್ರಮ ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯುತ್ತದೆ. ಗಣಕಯಂತ್ರಗಳ ಇತಿಹಾಸದಲ್ಲಿ ಇಂತಹ ಶ್ರಮಕ್ಕೆ ತಮ್ಮ ಬಾಳನ್ನು ಮೀಸಲಿಟ್ಟವರು ಗ್ರೇಸ್ ಹಾಪರ್.

ಗ್ರೇಸ್ ಅವರು 1906ನೆಯ ಇಸವಿ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಯಂತ್ರಗಳ ಒಳಗುಟ್ಟನ್ನು ಅರಿಯುವ ಹಂಬಲ ಅವರಿಗೆ ಬಾಲ್ಯದಿಂದಲೂ ಇತ್ತು. ಏಳನೆಯ ವಯಸ್ಸಿನಲ್ಲಿ ಅಲಾರಂ ಗಡಿಯಾರವೊಂದನ್ನು ಬಿಚ್ಚಿದರು. ಅದನ್ನು ಮತ್ತೆ ಜೋಡಿಸುವ ಬಗೆ ತಿಳಿಯದೆ, ಮನೆಯಲ್ಲಿದ್ದ ಉಳಿದ ಗಡಿಯಾರಗಳನ್ನೂ ಒಂದೊಂದಾಗಿ ಬಿಚ್ಚಿದರು. ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬೇಕೆಂದು ತಾಯಿ ಕಟ್ಟು ಮಾಡಿದರು. ವ್ಯಾಸರ್ ಕಾಲೇಜಿನಲ್ಲಿ ಗಣಿತ ಹಾಗೂ ಭೌತವಿಜ್ಞಾನಗಳನ್ನು ಅಭ್ಯಾಸ ಮಾಡಿ 1928ರಲ್ಲಿ ಪದವಿ ಪಡೆದರು. 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯವು ಅವರಿಗೆ ಗಣಿತದಲ್ಲಿ ಡಾಕ್ಟರೇಟ್ ನೀಡಿತು. ತಾವು ಕಲಿತ ಕಾಲೇಜಿನಲ್ಲಿಯೇ ಅವರು ಅಧ್ಯಾಪಕಿಯಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯನ್ನು ಸೇರಲು ಅವರು ಮುಂದಾದರು. ವಯಸ್ಸು ಹೆಚ್ಚೆಂಬ, ದೇಹದ ತೂಕ ಕಡಿಮೆಯೆಂಬ ಆಕ್ಷೇಪಗಳು ಎದುರಾದವು. ಗ್ರೇಸ್ ಹಿಂಜರಿಯಲಿಲ್ಲ, ವಿಶೇಷ ಅನುಮತಿ ಪಡೆದು 1943ರಲ್ಲಿ ಸೇವೆಗೆ ಸೇರಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಕ್ 1 ಗಣಕಯಂತ್ರದ ಕೆಲಸಕ್ಕೆ ಅವರನ್ನು ನೇಮಿಸಲಾಯಿತು. 51 ಅಡಿ ಉದ್ದ, ಸುಮಾರು 5 ಟನ್ ತೂಕದ ಆ ಭಾರಿ ಯಂತ್ರವು ಕಾಗದದ ಪಟ್ಟಿಯಲ್ಲಿ ಕೊರೆದ ರಂಧ್ರಗಳನ್ನು ಓದಿ ಲೆಕ್ಕ ಮಾಡುತ್ತಿತ್ತು. ಅದರ ಕೈಪಿಡಿಯನ್ನು ಬರೆಯುವಂತೆ ಮೇಲಧಿಕಾರಿ ಹೊವರ್ಡ್ ಐಕೆನ್ ಅವರಿಗೆ ಆಜ್ಞಾಪಿಸಿದರು. ಅನುಸರಿಸಲು ಮಾದರಿಯೇ ಇಲ್ಲದ ಆ ದಿನಗಳಲ್ಲಿ ಯಂತ್ರದ ಅಂಗಾಂಗಗಳನ್ನೂ ಅದಕ್ಕೆ ಸೂಚನೆ ಕೊಡುವ ವಿಧಾನವನ್ನೂ ವಿವರಿಸುವುದು ಸುಲಭವಾಗಿರಲಿಲ್ಲ. 500 ಪುಟಗಳಿಗೂ ಮೀರಿದ ಆ ಗ್ರಂಥ 1946ರಲ್ಲಿ ಪ್ರಕಟವಾಯಿತು.

ಆ ಕಾಲದಲ್ಲಿ ಗಣಕಯಂತ್ರದ ಕ್ರಮವಿಧಿಯನ್ನು ಅಂಕೆ ಸಂಕೇತಗಳಲ್ಲಿಯೇ ಬರೆಯಬೇಕಾಗಿತ್ತು. ಒಮ್ಮೆ ಬರೆದು ಪರೀಕ್ಷಿಸಿದ ಭಾಗಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ಉಳಿಸಿಕೊಂಡು, ಬೇಕಾದಾಗ ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು. ಒಂದು ಅಂಕೆ ತಪ್ಪಿದರೂ ಇಡೀ ಲೆಕ್ಕ ಕೆಡುತ್ತಿತ್ತು. ಬೇಸರವಿಲ್ಲದೆ ನಕಲು ಮಾಡಬಲ್ಲ ಯಂತ್ರವೇ ಎದುರಿಗಿರುವಾಗ ಈ ಕೆಲಸವನ್ನು ಮನುಷ್ಯರೇಕೆ ಮಾಡಬೇಕೆಂದು ಗ್ರೇಸ್ ಯೋಚಿಸಿದರು. 1949ರಲ್ಲಿ ಅವರು ಎಕರ್ಟ್–ಮಾಕ್ಲಿ ಸಂಸ್ಥೆಯನ್ನು ಸೇರಿದ್ದರು. ಅಲ್ಲಿ ಯೂನಿವ್ಯಾಕ್ ಯಂತ್ರಕ್ಕಾಗಿ 1952ರ ವೇಳೆಗೆ ಎ-0 ಎಂಬ ಕಂಪೈಲರನ್ನು ಸಿದ್ಧಪಡಿಸಿದರು. ಪ್ರತಿಯೊಂದು ಭಾಗಕ್ಕೂ ಒಂದು ಸಂಖ್ಯೆ ಕೊಟ್ಟು ಟೇಪಿನಲ್ಲಿ ಸಂಗ್ರಹಿಸಿಡಲಾಯಿತು. ಸಂಖ್ಯೆಗಳನ್ನು ಸೂಚಿಸಿದರೆ ಸಾಕು, ಯಂತ್ರವೇ ಆ ಭಾಗಗಳನ್ನು ಹುಡುಕಿ ತಂದು, ಸರಿಹೊಂದಿಸಿ, ಒಂದು ಕ್ರಮವಿಧಿಯಾಗಿ ಜೋಡಿಸುತ್ತಿತ್ತು.

ಗಣಕಯಂತ್ರವು ಲೆಕ್ಕ ಮಾಡಬಲ್ಲುದೇ ಹೊರತು ತನ್ನ ಕ್ರಮವಿಧಿಯನ್ನು ತಾನೇ ರಚಿಸಲಾರದೆಂದು ಅನೇಕರು ನಂಬಿದ್ದರು. ಸಾಮಾನ್ಯ ಇಂಗ್ಲಿಷ್ ಪದಗಳಲ್ಲಿ ಯಂತ್ರಕ್ಕೆ ಸೂಚನೆ ಕೊಡಬಹುದೆಂಬ ಅವರ ಮುಂದಿನ ಸಲಹೆಯೂ ಮೊದಮೊದಲು ತಿರಸ್ಕೃತವಾಯಿತು. ಅವರು ವಾದಕ್ಕಿಳಿದು ಸುಮ್ಮನಾಗದೆ, ಕೆಲಸ ಮಾಡಿ ತೋರಿಸಿದರು. ಅವರ ತಂಡ ರಚಿಸಿದ ಫ್ಲೋ-ಮ್ಯಾಟಿಕ್ ಭಾಷೆಯು, 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆಗೆ ಮುಖ್ಯ ಆಧಾರವಾಯಿತು.

1966ರ ಕೊನೆಯಲ್ಲಿ ನಿವೃತ್ತರಾದ ಅವರನ್ನು ನೌಕಾಪಡೆ ಮರುವರ್ಷವೇ ಮತ್ತೆ ಕರೆಸಿಕೊಂಡಿತು. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿ ಅವರು ಸೇವೆಯಿಂದ ಬಿಡುಗಡೆ ಹೊಂದಿದರು. ಉಪನ್ಯಾಸಗಳಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯನ್ನು ಹಿಡಿದು, ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ವಿದ್ಯುತ್ ಸಂಕೇತ ಸಾಗಬಲ್ಲ ಗರಿಷ್ಠ ದೂರ ಅದೆಂದು ತೋರಿಸುತ್ತಿದ್ದರು. 1992ರ ಜನವರಿ 1ರಂದು ಅವರು ನಿಧನರಾದರು. 2016ರಲ್ಲಿ ಅಮೆರಿಕವು ಅವರಿಗೆ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ನೀಡಿ ಗೌರವಿಸಿತು.

ಇಂದು ಬಟ್ಟೆ ಒಗೆಯುವ ಯಂತ್ರದಲ್ಲಿ, ಮೋಟಾರು ವಾಹನದಲ್ಲಿ, ಆಸ್ಪತ್ರೆಯ ಉಪಕರಣಗಳಲ್ಲಿ ಪುಟ್ಟ ಗಣಕಗಳು ಅಡಗಿ ಕುಳಿತಿವೆ. ಅವುಗಳ ಕ್ರಮವಿಧಿಗಳನ್ನು ಬಿಡಿಭಾಗಗಳಿಂದ ಜೋಡಿಸುವುದು ಕಂಪೈಲರ್ ಮೊದಲಾದ ಸಾಧನಗಳೇ. ಕ್ರಮವಿಧಿಯೊಳಗೆ ಬರೆದ ಟಿಪ್ಪಣಿಗಳಿಂದ ಕೈಪಿಡಿಯನ್ನು ಸಿದ್ಧಪಡಿಸುವ ಸಾಧನಗಳೂ ಬಂದಿವೆ. ಬೇಸರದ ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸಿ, ತಿಳಿದುದನ್ನು ಮುಂದಿನವರಿಗಾಗಿ ಬರೆದಿಡಬೇಕೆಂಬ ಗ್ರೇಸ್ ಹಾಪರ್ ಅವರ ಮಾರ್ಗವು ಇವೆರಡರಲ್ಲಿಯೂ ಮುಂದುವರಿದಿದೆ.