ಪರನಾಡಿನಿಂದ ಬಂದ ಕನ್ನಡಿಗ

ಹುಟ್ಟಿದ ಊರನ್ನು ತೊರೆದು ಅನ್ಯಭಾಷಿಕರ ನಡುವೆ ಬಾಳಬೇಕಾದಾಗ ತಾನು ಹೊರಗಿನವನೆಂಬ ಭಾವನೆ ಮನುಷ್ಯನನ್ನು ಕಾಡುವುದು ಸಹಜ. ಆ ಭಾವನೆಗೆ ಸೋತು ಕೆಲವರು ಹಿಂದಿರುಗುತ್ತಾರೆ. ಕೆಲವರು ಅಲ್ಲಿದ್ದೂ ಅಲ್ಲಿಯವರಾಗದೆ ಉಳಿಯುತ್ತಾರೆ. ಬಂದ ನಾಡಿನ ನುಡಿಯಲ್ಲಿಯೇ ನೆಲೆಯನ್ನು ಕಂಡುಕೊಂಡವರು ವಿರಳ. ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು ಅಂತಹ ವಿರಳರಲ್ಲಿ ಒಬ್ಬರು.

ಕಿಟ್ಟೆಲರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಭಾಗದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರ ತಂದೆ ಪಾದ್ರಿಗಳಾಗಿದ್ದರು. ಕಿಟ್ಟೆಲರು 1850ರಲ್ಲಿ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, 1853ರಲ್ಲಿ ಧರ್ಮಪ್ರಚಾರಕರಾಗಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಧಾರವಾಡದಲ್ಲಿ ನೆಲೆಸಿ, ಹಳ್ಳಿಗಳನ್ನು ಸುತ್ತುತ್ತ, ಜನರ ಬಾಯಿಂದಲೇ ಕನ್ನಡವನ್ನು ಕಲಿಯತೊಡಗಿದರು.

ಆದರೆ ಅವರ ದಾರಿ ಸುಗಮವಾಗಿರಲಿಲ್ಲ. ಊರವರ ಕಣ್ಣಿಗೆ ಅವರು ಪರದೇಶದ ಪಾದ್ರಿ. ತಮ್ಮವರ ಕಣ್ಣಿಗೆ ಊರವರೊಡನೆ ಅತಿಯಾಗಿ ಬೆರೆಯುವ ಯುವಕ. ಜನರ ರೀತಿನೀತಿಗಳನ್ನೂ ಸಾಹಿತ್ಯವನ್ನೂ ಅರಿಯದೆ ಅವರ ಹೃದಯವನ್ನು ಮುಟ್ಟಲಾಗದೆಂಬುದು ಕಿಟ್ಟೆಲರ ನಂಬಿಕೆ. ಮಿಷನ್ನಿನ ಹಿರಿಯರಿಗೆ ಅದು ರುಚಿಸಲಿಲ್ಲ. ಹೀಗೆ ಅವರು ಎರಡು ಕಡೆಗೂ ಹೊರಗಿನವರಾದರು. 1864ರಲ್ಲಿ ಪತ್ನಿಯ ಮರಣವೂ ಒದಗಿತು. ಆದರೂ ಅವರು ಎದೆಗುಂದಲಿಲ್ಲ.

1862ರಲ್ಲಿಯೇ ಅವರು ಕ್ರಿಸ್ತನ ಚರಿತೆಯನ್ನು ಕನ್ನಡ ಪದ್ಯರೂಪಕ್ಕೆ ತಂದು 'ಕಥಾಮಾಲೆ'ಯನ್ನು ಪ್ರಕಟಿಸಿದ್ದರು. ಮುಂದೆ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು.

ಅವರ ಬಾಳಿನ ಮಹತ್ಕಾರ್ಯವೆಂದರೆ ಕನ್ನಡ-ಇಂಗ್ಲಿಷ್ ನಿಘಂಟು. ಅಂದು ಕನ್ನಡ ನಾಡು ಒಡೆದುಹೋಗಿತ್ತು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಮಂಗಳೂರು ಮದರಾಸು ಪ್ರಾಂತ್ಯದಲ್ಲಿ, ಮಡಿಕೇರಿ ಕೊಡಗಿನಲ್ಲಿ ಇದ್ದುವು. ಮೈಸೂರು ಬೇರೆಯೇ ಸಂಸ್ಥಾನ. ಈ ಎಲ್ಲ ಕಡೆಯ ಮಾತುಗಳನ್ನೂ ಹಳಗನ್ನಡದ ಕಾವ್ಯಪದಗಳನ್ನೂ ಹಳ್ಳಿಗರ ಗಾದೆಗಳನ್ನೂ ಅವರು ಒಂದೆಡೆ ಕೂಡಿಸಿದರು. ತಮಿಳು, ತೆಲುಗು, ತುಳು ಮೊದಲಾದ ಸೋದರ ಭಾಷೆಗಳೊಡನೆ ಶಬ್ದಗಳನ್ನು ಹೋಲಿಸಿ ನೋಡಿದರು. ನಾಡಿನ ಪಂಡಿತರು ಅವರಿಗೆ ನೆರವಾದರು. 1877ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಈ ಕಾರ್ಯಕ್ಕಾಗಿಯೇ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ಸುಮಾರು 70,000 ಶಬ್ದಗಳ ಆ ಬೃಹದ್‌ಗ್ರಂಥವು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಒಡೆದಿದ್ದ ನಾಡಿನ ಮಾತುಗಳು ಪುಸ್ತಕವೊಂದರಲ್ಲಿ ಮೊದಲು ಒಂದಾದುವು; ನಾಡು ಒಂದಾದದ್ದು 1956ರಲ್ಲಿ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿಯೇ ಕಾಲವಾದರು. ಧಾರವಾಡದ ಕಾಲೇಜೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಇಂದು ಪೀಣ್ಯದ ಕಾರ್ಖಾನೆಗಳಿಗೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಿಗೂ ದೂರದ ಊರುಗಳಿಂದ ಜನರು ಬರುತ್ತಿದ್ದಾರೆ. ಅವರ ಮಕ್ಕಳು ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತಿರಬಹುದು. ಮಾತು ಬಾರದೆ ಮೌನವಾಗಿರಬಹುದು. ಅಥವಾ ನಮ್ಮಲ್ಲಿಯೇ ಒಬ್ಬರು ಹಾಗೆ ಬಂದವರಾಗಿರಬಹುದು. ಕಿಟ್ಟೆಲರ ಬಾಳು ಇಬ್ಬರಿಗೂ ಪಾಠ ಹೇಳುತ್ತದೆ. ಬಂದವನು ಈ ನೆಲದ ಮಾತಿಗೆ ಕಿವಿಗೊಡಬೇಕು. ಇದ್ದವನು ತಾಳ್ಮೆಯಿಂದ ಆ ಮಾತನ್ನು ಕಲಿಸಬೇಕು. ಹಳ್ಳಿಯ ಜನರು ಅಂದು ಆ ಪರದೇಶದ ಯುವಕನೊಡನೆ ಮಾತನಾಡದೆ ಹೋಗಿದ್ದರೆ ಕನ್ನಡಕ್ಕೆ ಆ ನಿಘಂಟು ದೊರೆಯುತ್ತಿರಲಿಲ್ಲ.